ಠವಣೆಕೋಲೂ ವ್ಯಾಸಪೀಠವೂ

ಗ್ರಂಥವನ್ನು ಬರಿನೆಲದ ಮೇಲಿಡಬಾರದೆಂಬುದು ನಮ್ಮ ದೇಶದ ಎಲ್ಲ ಮತದವರಿಗೂ ಸಮಾನವಾದ ಆಚಾರವಾಗಿರುವುದು. ಈ ಆಚಾರದಿಂದ ಹುಟ್ಟಿದ ಮರಗೆಲಸಗಳಲ್ಲಿ ಎರಡು ವಿಶೇಷ ಗಮನಕ್ಕೆ ಅರ್ಹವಾಗಿವೆ. ಹಳೆಯ ಜೈನಶಿಲ್ಪಗಳಲ್ಲಿ ಕಾಣಬರುವ ಠವಣೆಕೋಲು ಒಂದು. ಇಂದಿಗೂ ಮನೆಮಠಗಳಲ್ಲಿ ಬಳಕೆಯಲ್ಲಿರುವ ವ್ಯಾಸಪೀಠ ಇನ್ನೊಂದು. ಹಳಗನ್ನಡ ಪಾಠ ಹೇಳುವಾಗ ಮೊದಲನೆಯದಕ್ಕೆ ಎರಡನೆಯದನ್ನೇ ಅರ್ಥವಾಗಿ ಹೇಳಿ ಮುಂದೆ ಸಾಗುವ ರೂಢಿಯುಂಟು. ಇವೆರಡೂ ಒಂದೇ ವಸ್ತುವಲ್ಲವೆಂದೂ, ಇವುಗಳ ಭೇದವನ್ನರಿತರೆ ನಮ್ಮ ನಾಡಿನ ಪುಸ್ತಕದ ಚರಿತ್ರೆಯ ಒಂದು ಸಂಧಿಕಾಲವು ಗೋಚರವಾಗುವುದೆಂದೂ ಹಾಸನದ ಸೀಮೆಯ ಸಾಕ್ಷ್ಯಗಳಿಂದ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದವನ್ನು ವಿಚಾರಿಸೋಣ. ಸಂಸ್ಕೃತದ ‘ಸ್ಥಾಪನಾ’ ಶಬ್ದವು ಪ್ರಾಕೃತದಲ್ಲಿ ‘ಠವಣಾ’ ಎಂದಾಗಿ, ಅಲ್ಲಿಂದ ಕನ್ನಡಕ್ಕೆ ‘ಠವಣೆ’ಯಾಗಿ ಬಂದಿತು. ಅದಕ್ಕೆ ‘ಕೋಲು’ ಸೇರಿದ್ದರಿಂದ, ಇಡುವುದಕ್ಕಾಗಿ ಮಾಡಿದ ಕೋಲಿನ ಸಾಧನವೆಂಬರ್ಥವು ಸಿದ್ಧಿಸುವುದು. ಪಶ್ಚಿಮ ಭಾರತದ ಜೈನರಲ್ಲಿಯೂ ಇಂಥ ಸಾಧನಕ್ಕೆ ‘ಠವಣಿ’ ಎಂಬ ಹೆಸರೇ ಇರುವುದರಿಂದ, ವಸ್ತುವೂ ಹೆಸರೂ ಜೈನಮುನಿಗಳ ಸಂಪ್ರದಾಯಕ್ಕೆ ಸೇರಿದವೆಂಬುದು ಸ್ಪಷ್ಟ. ಹೆಸರಿನಲ್ಲಿರುವುದು ಕೋಲೇ ಹೊರತು ಹಲಗೆಯೂ ಅಲ್ಲ, ಪೀಠವೂ ಅಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಪ್ರತ್ಯಕ್ಷ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳ್ಗೊಳದ ದೊಡ್ಡಬೆಟ್ಟದ ಮೇಲೆ ಸಿದ್ಧರ ಬಸದಿಯಿದೆ. ಅಲ್ಲಿನ ಸಿದ್ಧಮೂರ್ತಿಯ ಎರಡು ಪಕ್ಕಗಳಲ್ಲಿ ಶಾಸನವುಳ್ಳ ಎರಡು ಸುಂದರ ಕಂಬಗಳಿವೆ. ಕ್ರಿ. ಶ. 1398ರಲ್ಲಿ ಅರ್ಹದ್ದಾಸನು ರಚಿಸಿದ ಪಂಡಿತಾರ್ಯರ ಪ್ರಶಸ್ತಿಯು ಒಂದರಲ್ಲಿಯೂ, 1432ರಲ್ಲಿ ಮಂಗರಾಜನು ರಚಿಸಿದ ಶ್ರುತಮುನಿಗಳ ಪ್ರಶಸ್ತಿಯು ಇನ್ನೊಂದರಲ್ಲಿಯೂ ಇರುವುವು. ಪಂಡಿತಾರ್ಯರ ಕಂಬದ ಶಿಲ್ಪದಲ್ಲಿ ಠವಣೆಕೋಲಿನ ಒಂದು ಕಡೆ ಆಚಾರ್ಯರೂ ಇನ್ನೊಂದು ಕಡೆ ಶಿಷ್ಯನೂ ಕುಳಿತಿದ್ದಾರೆ; ಉಪದೇಶ ನಡೆಯುತ್ತಿದೆ. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳ್ಗೊಳದ ಶಾಸನಸಂಪುಟವನ್ನು ಪರಿಷ್ಕರಿಸಿ 1923ರಲ್ಲಿ ಹೊರತಂದ ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು ಈ ಶಿಲ್ಪವನ್ನು ವರ್ಣಿಸಿದ್ದಾರೆ.

ಠವಣೆಕೋಲಿನ ರಚನೆಯು ಸರಳವಾದುದು. ಕೆಲವು ಕೋಲುಗಳನ್ನು ನಡುವೆ ಕಟ್ಟಿ, ತುದಿಗಳನ್ನು ಹರಡಿದರೆ ಕೆಳಗಿನ ಭಾಗ ಕಾಲುಗಳಾಗುವುವು. ಮೇಲಿನ ಭಾಗ ಗ್ರಂಥಕ್ಕೆ ಆಸರೆಯಾಗುವುದು. ಕೆಲಸ ಮುಗಿದ ಮೇಲೆ ಮತ್ತೆ ಒಂದು ಕಂತೆ. ಒಂದೆಡೆ ನೆಲಸದೆ ವಿಹರಿಸುವ ಮುನಿಗಳ ಸಂಘಕ್ಕೆ ಇದಕ್ಕಿಂತ ಹಗುರವಾದ, ಅನುಕೂಲವಾದ ಪೀಠೋಪಕರಣವನ್ನು ಊಹಿಸುವುದು ಕಷ್ಟ.

ವ್ಯಾಸಪೀಠದ ರಚನೆಯಾದರೋ ಸಂಪೂರ್ಣವಾಗಿ ಬೇರೆ. ಇದು ಒಂದೇ ಹಲಗೆಯಿಂದಾದದ್ದು. ಮೊಳೆಯಿಲ್ಲ, ಅಂಟಿಲ್ಲ, ಕೀಲುಕಡ್ಡಿಯಿಲ್ಲ. ಗಂಟಿಲ್ಲದೆ ಉದ್ದಕ್ಕೂ ನೇರವಾದ ಎಳೆಯುಳ್ಳ ದಪ್ಪ ಹಲಗೆಯನ್ನು ಬಡಗಿಯು ಆರಿಸಿ, ಅದರ ನಡುಭಾಗದಲ್ಲಿ ಅಡ್ಡಲಾಗಿ ಒಂದು ಪಟ್ಟಿಯನ್ನು ಗುರುತಿಸುತ್ತಾನೆ. ಆ ಪಟ್ಟಿಯನ್ನು ಬೆರಳುಗಳಂತೆ ಬೆಸಸಂಖ್ಯೆಯ ಭಾಗಗಳಾಗಿ ವಿಂಗಡಿಸಿ, ಉಳಿಯಿಂದ ಎರಡು ಮುಖಗಳಿಂದಲೂ ಕೊರೆದು, ಬೆರಳುಗಳನ್ನು ಒಂದರಿಂದೊಂದು ಬಿಡಿಸುತ್ತಾನೆ. ಬಳಿಕ ಹಲಗೆಯ ದಪ್ಪವನ್ನೇ ಎರಡಾಗಿ ಸೀಳುವಂತೆ, ಮೇಲಿನ ತುದಿಯಿಂದಲೂ ಕೆಳಗಿನ ತುದಿಯಿಂದಲೂ ಆ ಪಟ್ಟಿಯವರೆಗೆ ಗರಗಸವನ್ನು ನಡೆಸುತ್ತಾನೆ. ಆಗ ಮೇಲ್ಭಾಗದಲ್ಲಿ ಮುಂದಿದ್ದ ಪದರವು ಒಂದು, ಮೂರು, ಐದನೆಯ ಬೆರಳುಗಳ ಮೂಲಕ ಕೆಳಭಾಗದ ಹಿಂದಿನ ಪದರವಾಗಿ ಇಳಿಯುವುದು. ಹಿಂದಿದ್ದುದು ಉಳಿದ ಬೆರಳುಗಳ ಮೂಲಕ ಮುಂದಕ್ಕೆ ಬರುವುದು. ತೆರೆದರೆ ಎರಡು ಎಲೆಗಳು ಕತ್ತರಿಯಂತೆ ಒಂದನ್ನೊಂದು ದಾಟಿ ನಿಲ್ಲುತ್ತವೆ. ಬೆರಳುಗಳ ಭುಜಗಳು ಪರಸ್ಪರ ತಾಗಿ, ಮಿತಿಮೀರಿ ತೆರೆಯದಂತೆ ತಡೆಯುತ್ತವೆ. ಮುಚ್ಚಿದರೆ ಮತ್ತೆ ಒಂದೇ ಹಲಗೆ. ಒಂದು ಬೆರಳು ಮುರಿದರೂ ಹಲಗೆಯೆಲ್ಲ ವ್ಯರ್ಥವಾಗುವುದರಿಂದ, ಇದು ಬಡಗಿಯ ಕೈಗೆ ದೊಡ್ಡ ಪರೀಕ್ಷೆ.

ಈಗ ಮುಖ್ಯಪ್ರಶ್ನೆ: ಓಲೆಯ ಗ್ರಂಥಕ್ಕೆ ವ್ಯಾಸಪೀಠವು ಹೊಂದುವುದೇ? ಓಲೆಯ ಕಟ್ಟು ಉದ್ದವಾಗಿಯೂ ಕಿರಿದಾಗಿಯೂ ಇರುವುದು. ಅದಕ್ಕೆ ಬೆನ್ನಿಲ್ಲ, ಬಿಡಿಗರಿಗಳನ್ನು ದಾರವೊಂದೇ ಕೂಡಿಸಿರುವುದು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವು ಎದ್ದ ಹೊಯ್ಸಳರ ಕಾಲದಲ್ಲಿ ಸರಸ್ವತಿಯ ಕೈಯಲ್ಲಿ ಶಿಲ್ಪಿಗಳು ಕೊಟ್ಟ ಪುಸ್ತಕವೂ ಇಂಥ ನೀಳವಾದ ಕಟ್ಟೇ. ಇದನ್ನು ವ್ಯಾಸಪೀಠದ ಮಡಿಕೆಯ ಗುಂಟ ಇಟ್ಟರೆ ಗರಿಗಳು ಸಂದಿಗೆ ಜಾರುವುವು. ಅಡ್ಡಲಾಗಿ ಇಟ್ಟರೆ ಎರಡು ಅಂಚುಗಳ ಮೇಲೆ ಸೇತುವೆಯಂತೆ ನಿಂತು, ಇಳಿಜಾರಾದ ಎಲೆಗಳು ನಿಷ್ಪ್ರಯೋಜಕವಾಗುವುವು. ಬೆನ್ನು ಹೊಲಿದು ರಟ್ಟು ಕಟ್ಟಿದ ಕಾಗದದ ಪುಸ್ತಕಕ್ಕಾದರೋ ಆ ಇಳಿಜಾರೇ ಪ್ರಯೋಜನ. ಪುಸ್ತಕವು ಅರೆತೆರೆದು ಕೂರುವುದು, ಬೆನ್ನಿಗೆ ಬಿಗಿತವಿಲ್ಲ, ಓದುವವನ ಕೈಗಳೆರಡೂ ಬಿಡುವಾಗಿರುವುವು. ಆದ್ದರಿಂದ ವ್ಯಾಸಪೀಠವು ಕಾಗದದ ಪುಸ್ತಕದ ಸಂಗಾತಿಯೆಂದು ಅದರ ಆಕಾರವೇ ಸಾರುತ್ತದೆ.

ಕಾಗದವು ನಮ್ಮಲ್ಲಿಗೆ ಬಂದ ದಾರಿಯನ್ನು ಶಬ್ದಗಳೇ ಹೇಳುತ್ತವೆ. ‘ಕಾಗದ’ವು ಪಾರಸಿಯಿಂದ, ‘ಕಲಮು’, ‘ದೌತಿ’ಗಳು ಅರಬ್ಬಿಯಿಂದ ಪಾರಸಿಯ ಮೂಲಕ ಬಂದವು. ಮುಸಲ್ಮಾನರು ಕುರಾನನ್ನು ಇಟ್ಟು ಓದುವ ‘ರಿಹಲ್’ ಎಂಬುದು ಒಂದೇ ಹಲಗೆಯಿಂದ ಇದೇ ಬೆರಳುಕೀಲಿನಿಂದ ಮಾಡಿದ್ದೇ ಆಗಿದೆ. ಹಸನ ಸುಲೇಮಾನ ಇಸ್ಫಹಾನಿ ಎಂಬ ಕುಶಲಿಯು ಹಿಜರಿ 761ರಲ್ಲಿ, ಎಂದರೆ ಕ್ರಿ. ಶ. 1360ರಲ್ಲಿ ತೇಗದಲ್ಲಿ ಕೆತ್ತಿದ ರಿಹಲು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಬೆಳ್ಗೊಳದಲ್ಲಿ 1398ರ ಶಿಲ್ಪಿಯು ಗುರುಶಿಷ್ಯರ ನಡುವೆ ಠವಣೆಕೋಲನ್ನು ಕೆತ್ತುವ ಹೊತ್ತಿಗೆ ಪಾರಸಿಕ ದೇಶದ ಕಲೆಯಲ್ಲಿ ರಿಹಲು ಪೂರ್ಣಪರಿಪಾಕವನ್ನು ಪಡೆದಿತ್ತು. ಇವುಗಳಿಂದ, ವ್ಯಾಸಪೀಠವು ಕಾಗದದೊಡನೆ ಬಂದು ನಮ್ಮದಾದ ರಿಹಲೇ ಎಂದು ಅನುಮಾನಿಸುವುದು ಯುಕ್ತವಾಗಿ ತೋರುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ವ್ಯಾಸರ ಹೆಸರಿರುವುದರಿಂದ ಇದು ಪುರಾತನವೆಂಬುದು ಮೊದಲನೆಯದು. ಆದರೆ ವ್ಯಾಸಪೀಠವೆಂಬ ಶಬ್ದವು ಪುರಾಣ ಹೇಳುವವರ ಆಸನಕ್ಕೆ ಸಲ್ಲುವಂಥದು. ಉತ್ತರದೇಶದಲ್ಲಿ ಇಂದಿಗೂ ಅದೇ ಅರ್ಥ, ಮರಾಠಿಯಲ್ಲಿ ವೇದಿಕೆಯೆಂಬರ್ಥ. ವಕ್ತೃವಿನ ಆಸನದ ಹೆಸರು ಲಕ್ಷಣೆಯಿಂದ ಅವನ ಮುಂದಿನ ಗ್ರಂಥಾಧಾರಕ್ಕೆ ಬಂದಿದೆ. ಹೆಸರಿನ ಪ್ರಾಚೀನತೆಯು ವಸ್ತುವಿನ ಪ್ರಾಚೀನತೆಗೆ ಹೇತುವಾಗಲಾರದು. ಕಲ್ಲಿನಲ್ಲಿ ಅದ್ಭುತವನ್ನು ಸಾಧಿಸಿದ ನಮ್ಮ ಶಿಲ್ಪಿಗಳಿಗೆ ಇದು ಅಸಾಧ್ಯವೇ ಎಂಬುದು ಎರಡನೆಯದು. ಸಾಮರ್ಥ್ಯವಿತ್ತೆಂಬುದರಿಂದ ಕಾರ್ಯವು ನಡೆಯಿತೆಂದು ಸಿದ್ಧಿಸುವುದಿಲ್ಲ. ಪುಸ್ತಕದ ಆಕಾರವು ಬೇಡದಿದ್ದುದನ್ನು ಶಿಲ್ಪಿಯು ಏಕೆ ಮಾಡಿಯಾನು?

ಹೀಗೆ ಹೇಳುವುದರಿಂದ ನಮ್ಮ ಮಠಮನೆಗಳ ಗೌರವಕ್ಕೆ ಕುಂದೆಂದು ಭಾವಿಸಬೇಕಾದುದಿಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದವರಾದ ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಕೌಟಲೀಯ ಅರ್ಥಶಾಸ್ತ್ರವನ್ನು ಓಲೆಯ ಪ್ರತಿಯಿಂದ ಬೆಳಕಿಗೆ ತಂದು 1909ರಲ್ಲಿ ಅಚ್ಚುಮಾಡಿಸಿದರು. ಹೊಳೆನರಸೀಪುರದ ಅಧ್ಯಾತ್ಮಪ್ರಕಾಶ ಕಾರ್ಯಾಲಯವು ಶಾಂಕರಭಾಷ್ಯಗಳನ್ನು ಕನ್ನಡದೊಡನೆ ಮುದ್ರಿಸಿ ಮನೆಮನೆಗೂ ಮುಟ್ಟಿಸಿತು. ಓಲೆಯಿಂದ ಕಾಗದಕ್ಕೆ ಇಳಿದ ಆ ವಿದ್ಯೆಗೆ ಪೀಠವಾದದ್ದು ಈ ಹಲಗೆಯೇ. ಅದನ್ನು ಮೊದಲು ಕಲ್ಪಿಸಿದ ಬಡಗಿಗೂ, ಅವನ ಮತವನ್ನು ವಿಚಾರಿಸದೆ ಕೆಲಸವನ್ನು ಕಲಿತುಕೊಂಡ ನಮ್ಮ ಬಡಗಿಗೂ ವಿದ್ಯಾವಂತರು ಸಮಾನವಾಗಿ ಋಣಿಗಳು.

ಆದಕಾರಣ ಅಧ್ಯಾಪಕ ಮಹಾಶಯರು ಹಳೆಯ ಗ್ರಂಥಗಳಲ್ಲಿಯೂ ಶಾಸನಶಿಲ್ಪಗಳ ವರ್ಣನೆಯಲ್ಲಿಯೂ ‘ಠವಣೆಕೋಲು’ ಬಂದಾಗ ‘ಓಲೆಯ ಗ್ರಂಥವನ್ನಿಡುವ ಕೋಲುಗಳ ಆಧಾರ’ ಎಂದೇ ಅರ್ಥ ಹೇಳುವುದು ಉಚಿತ. ಗ್ರಂಥವು ಬದಲಾದಂತೆ ಅದರ ಪೀಠವೂ ಬದಲಾಯಿತೆಂಬ ಸಂಗತಿಯು ಆಗ ವಿದ್ಯಾರ್ಥಿಗಳಿಗೆ ತಾನಾಗಿ ತಿಳಿದೀತು.