ಚಿನ್ನದಡಿಯ ಕ್ರೋಮಿಯಂ: ಪುಣೆಯ ಮಳೆಗಾಲದಲ್ಲಿ ವಿದ್ಯುದಗ್ರದ ತೆಳುಪದರ

ಪುಣೆಯ ಸಿ-ಮೆಟ್ ಸಂಸ್ಥೆ 1990ರಿಂದ ಎಲೆಕ್ಟ್ರಾನಿಕ್ಸ್ ಸಾಮಗ್ರಿಗಳ ಸಂಶೋಧನೆಯಲ್ಲಿ ತೊಡಗಿದೆ. ಅಲ್ಲಿ ಬೇರೂರಿದ ದಪ್ಪಪದರ ವಿಧಾನದಲ್ಲಿ ಲೋಹದ ಪೇಸ್ಟನ್ನು ಜಾಲರಿಯ ಮೂಲಕ ಅಚ್ಚೊತ್ತಿ ಸುಮಾರು 850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಪೇಸ್ಟಿನಲ್ಲಿರುವ ಗಾಜಿನ ಪುಡಿ ಕರಗಿ ಲೋಹವನ್ನು ತಳಕ್ಕೆ ಬೆಸೆಯುತ್ತದೆ. ಸೂಕ್ಷ್ಮಸಾಧನಗಳ 50–100 ನ್ಯಾನೊಮೀಟರ್ ಚಿನ್ನಕ್ಕೆ ಈ ಆಸರೆಯಿಲ್ಲ. ಚಿನ್ನ ಸುಲಭವಾಗಿ ಆಕ್ಸೈಡ್ ಆಗದು, ಆದ್ದರಿಂದಲೇ ತಳದ ಗಾಜನ್ನು ಹಿಡಿಯದು. ಅದರಡಿ 5–10 ನ್ಯಾನೊಮೀಟರ್ ಕ್ರೋಮಿಯಂ ಅಥವಾ ಟೈಟಾನಿಯಂ ಹಾಸಬೇಕು. ಚಿನ್ನದ ಶುದ್ಧತೆಗಿಂತ ಈ ಅಂಟುಪದರಕ್ಕೇ ಹೆಚ್ಚು ಗಮನ ಸಲ್ಲಬೇಕೆಂಬುದು ನನ್ನ ವಾದ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ತೇವದ ಗಾಳಿಗೆ, ಈ ಪದರಗಳನ್ನು ಲೋಹದ ಆವಿಯಿಂದ ಕೂರಿಸುವ ನಿರ್ವಾತ ಕೋಶವಾದ ಬೆಲ್‌ಜಾರ್ ತೆರೆದಾಗಲೆಲ್ಲ ಒಳಗೋಡೆಗಳ ಮೇಲೆ ನೀರು ಕೂರುತ್ತದೆ. ಪಂಪ್ ಓಡಿದಾಗ ಸಾರಜನಕ, ಆಮ್ಲಜನಕ ಬೇಗ ಹೋಗುತ್ತವೆ. ನೀರು ಮಾತ್ರ ಗಂಟೆಗಟ್ಟಲೆ ಗೋಡೆಗಳಿಂದ ಹೊರಬರುತ್ತಲೇ ಇರುತ್ತದೆ. 10⁻⁶ ಟಾರ್‌ನಲ್ಲಿ ಉಳಿದದ್ದೆಲ್ಲ ನೀರಾವಿಯೆಂದೇ ಇಟ್ಟುಕೊಳ್ಳೋಣ. ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 4.8 × 10¹⁴ ಅಣುಗಳು ಬಡಿಯುತ್ತವೆ. ಕ್ರೋಮಿಯಂ ಸೆಕೆಂಡಿಗೆ 0.1 ನ್ಯಾನೊಮೀಟರ್‌ನಂತೆ ಕೂರುತ್ತಿದ್ದರೆ ಬರುವ ಪರಮಾಣುಗಳು 8.3 × 10¹⁴. ಒತ್ತಡ 10⁻⁵ಕ್ಕೆ ಏರಿತೋ, ಲೋಹಕ್ಕಿಂತ ನೀರೇ ಸುಮಾರು ಆರು ಪಟ್ಟು. ಬಡಿದದ್ದೆಲ್ಲ ಅಂಟುವುದಿಲ್ಲ, ನಿಜ. ಆದರೂ ಹೊಸ ಕ್ರೋಮಿಯಂ ನೀರಿನಲ್ಲಿರುವ ಆಮ್ಲಜನಕವನ್ನು ಬಿಡದೆ ಹಿಡಿಯುತ್ತದೆ.

ಕ್ರೋಮಿಯಂ ಪದರದ ತಳದಲ್ಲಿ ಒಂದಿಷ್ಟು ಆಕ್ಸೈಡ್ ಬೇಕು, ಗಾಜಿನೊಡನೆ ಬೆಸುಗೆ ಆಗುವುದು ಅದರಿಂದಲೇ. ಮೇಲ್ಮೈ ಮಾತ್ರ ಲೋಹವಾಗಿಯೇ ಉಳಿಯಬೇಕು. ಇಲ್ಲದಿದ್ದರೆ ಪದರ ಲಕಲಕ ಹೊಳೆಯುತ್ತಿದ್ದರೂ ಸೆಲೋಟೇಪ್ ಅಂಟಿಸಿ ಕಿತ್ತಾಗ ಚಿನ್ನ ಟೇಪಿನ ಜೊತೆ ಎದ್ದು ಬರುತ್ತದೆ, ಗಾಜಿನ ಮೇಲೆ ಬೂದುಬಣ್ಣದ ಕ್ರೋಮಿಯಂ ಉಳಿಯುತ್ತದೆ.

ಮೇಲ್ಮೈಯನ್ನು ಲೋಹವಾಗಿ ಉಳಿಸಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಬೆಂಗಳೂರಿನ ಹಿಂದ್ ಹೈ ವ್ಯಾಕ್ಯೂಮ್ ಕಂಪನಿಯ ಹಳೆಯ 12 ಇಂಚಿನ ಬೆಲ್‌ಜಾರ್ ಯಂತ್ರಗಳು ನಮ್ಮ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿವೆ. ಅವುಗಳಲ್ಲೂ ಈ ಕೆಲಸ ಸಾಧ್ಯ. ದ್ರವ ಸಾರಜನಕದ ಟ್ರ್ಯಾಪ್ ತುಂಬಿರಲಿ. ಶಟರ್ ಮುಚ್ಚಿಟ್ಟು ಮೊದಲು ಸ್ವಲ್ಪ ಕ್ರೋಮಿಯಂ ಆವಿಯಾಗಿಸಿದರೆ ಅದು ಗೋಡೆಗಳ ಮೇಲೆ ಕೂತು ಉಳಿದ ನೀರಾವಿಯನ್ನು ಹೀರುತ್ತದೆ. ಆಮೇಲೆ ಶಟರ್ ತೆರೆದು ಸೆಕೆಂಡಿಗೆ 0.5 ನ್ಯಾನೊಮೀಟರ್ ವೇಗದಲ್ಲಿ ಕೂರಿಸಿದರೆ, 10⁻⁶ ಟಾರ್‌ನಲ್ಲಿ ನೀರಿನ ಪಾಲು ಲೋಹದ ಸುಮಾರು ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. 10 ನ್ಯಾನೊಮೀಟರಿಗೆ 20 ಸೆಕೆಂಡು ಸಾಕಾದ್ದರಿಂದ ವಿದ್ಯುದಗ್ರದ ಆಕಾರಕ್ಕಾಗಿ ಹಚ್ಚಿದ ಫೋಟೊರೆಸಿಸ್ಟ್ ಹೆಚ್ಚು ಬಿಸಿಯಾಗುವುದೂ ಇಲ್ಲ. ನಿರ್ವಾತ ಮುರಿಯದೆ, ತಡಮಾಡದೆ ಚಿನ್ನ ಶುರುಮಾಡಬೇಕು.

ಆರ್ಗಾನ್ ಅಯಾನುಗಳಿಂದ ಲೋಹವನ್ನು ಹೊಡೆದೆಬ್ಬಿಸುವ ಸ್ಪಟರಿಂಗ್‌ನಲ್ಲಿ ಹಿಡಿತ ಇನ್ನೂ ಗಟ್ಟಿ. ಆದರೆ ಆರ್ಗಾನ್‌ನಲ್ಲಿ ಚದುರಿದ ಲೋಹ ಫೋಟೊರೆಸಿಸ್ಟಿನ ಪಕ್ಕಗಳಿಗೂ ಮೆತ್ತಿಕೊಳ್ಳುವುದರಿಂದ, ಅದನ್ನು ಕರಗಿಸಿ ತೆಗೆಯುವ ಲಿಫ್ಟ್‌ಆಫ್ ಮಾಡುವಾಗ ಅಂಚು ಹರಿಯುತ್ತದೆ.

ಪ್ರಬಂಧಗಳಲ್ಲಿ ಎಷ್ಟೋ ಸಲ ಪದರದ ದಪ್ಪವನ್ನಷ್ಟೇ ನಮೂದಿಸುತ್ತೇವೆ. ಕ್ರೋಮಿಯಂ ಕೂರುವಾಗಿನ ಒತ್ತಡ, ವೇಗ, ಎರಡು ಲೋಹಗಳ ನಡುವಿನ ಬಿಡುವು ಇವನ್ನೂ ಬರೆದರೆ, ಪುಣೆಯಲ್ಲಿ ಆಗಸ್ಟ್‌ನಲ್ಲಿ ಮಾಡಿದ ವಿದ್ಯುದಗ್ರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೋ ಮುಂಬೈಯ ಐಐಟಿಯಲ್ಲೋ ಮತ್ತೆ ಮಾಡಿ ತಾಳೆ ನೋಡಬಹುದು.