ಬಣ್ಣಗಾಜಿನ ಬಿಸ್ಕತ್ತು

ಬಣ್ಣಗಾಜಿನ ಬಿಸ್ಕತ್ತು: ನಡುವೆ ಕತ್ತರಿಸಿದ ಕಿಂಡಿಯಲ್ಲಿ ಗಟ್ಟಿ ಸಕ್ಕರೆ ಮಿಠಾಯಿ ಕರಗಿ, ಬೆಳಕು ಹಾಯುವ ಬಣ್ಣದ ಪದರವಾಗಿ ನಿಂತ ಅಲಂಕಾರಿಕ ಬೆಣ್ಣೆ ಬಿಸ್ಕತ್ತು. ಚರ್ಚುಗಳ ಬಣ್ಣದ ಗಾಜಿನ ಕಿಟಕಿಗಳಿಂದ ಈ ಹೆಸರು. ಅಮೆರಿಕ, ಬ್ರಿಟನ್‌ಗಳ ಮನೆಗಳಲ್ಲಿ ಕ್ರಿಸ್ಮಸ್ ತಿನಿಸಾಗಿ ರೂಢಿಯಲ್ಲಿದೆ. ದಾರ ಪೋಣಿಸಿ ಕ್ರಿಸ್ಮಸ್ ಮರಕ್ಕೆ ತೂಗುಹಾಕುವುದೂ ಉಂಟು. ಮೈದಾ, ಬೆಣ್ಣೆ, ಸಕ್ಕರೆ ಕಲಸಿದ ಹಿಟ್ಟನ್ನು ಲಟ್ಟಿಸಿ, ಅಚ್ಚಿನಿಂದ ಕತ್ತರಿಸಿ, ಕಿಂಡಿಗೆ ಪುಡಿಮಾಡಿದ ಮಿಠಾಯಿ ತುಂಬಿ, ಸುಮಾರು 175 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಮಿಠಾಯಿಯ ಪಾಕವನ್ನು ಮೊದಲೇ 150 ಡಿಗ್ರಿಯ ಆಸುಪಾಸಿಗೆ ಕಾಯಿಸಿರುವುದರಿಂದ ಅದರಲ್ಲಿ ನೀರು ಅತ್ಯಲ್ಪ. ತಣಿಯುವಾಗ ಸಕ್ಕರೆ ಹರಳುಗಟ್ಟದೆ ಗಾಜಿನ ಸ್ಥಿತಿಗೆ ಬರುವುದೇ ಅದರ ಪಾರದರ್ಶಕತೆಗೆ ಕಾರಣ. ಬೆರೆಸಿದ ಗ್ಲೂಕೋಸ್ ಪಾಕ ಹರಳಾಗುವಿಕೆಯನ್ನು ತಡೆಯುತ್ತದೆ. ಹೆಚ್ಚು ಹೊತ್ತು ಬೆಂದರೆ ಗುಳ್ಳೆ ಎದ್ದು, ಬಣ್ಣ ಕಂದಿ, ಇದರ ಮುಖ್ಯ ಸೊಗಸೇ ಕೆಡುತ್ತದೆ. ಪೂರ್ತಿ ತಣಿದ ಮೇಲಷ್ಟೇ ತಟ್ಟೆಯಿಂದ ಬಿಡಿಸುತ್ತಾರೆ. ಗಾಳಿಯ ತೇವ ಹೀರಿ ಅಂಟಾಗುವುದರಿಂದ ಬಿಗಿಮುಚ್ಚಳದ ಡಬ್ಬಿಯಲ್ಲಿಡುವುದು ವಾಡಿಕೆ.