ಜನಗಣತಿ ದಾಖಲೆಗಳ ಮೂಲಕ ಜೆಕ್ ವಂಶಾವಳಿ ಶೋಧನೆ

ಜೆಕ್ ವಂಶಾವಳಿ ಶೋಧನೆಯು ಇಂದಿನ ಜೆಕ್ ಗಣರಾಜ್ಯದ ಭೂಭಾಗದಲ್ಲಿ, ಅಂದರೆ ಐತಿಹಾಸಿಕ ಬೊಹೀಮಿಯ, ಮೊರಾವಿಯ ಮತ್ತು ಆಸ್ಟ್ರಿಯನ್ ಸೈಲೀಷಿಯ ಪ್ರಾಂತ್ಯಗಳಲ್ಲಿ, ಬಾಳಿದ ಕುಟುಂಬಗಳ ಪೂರ್ವಿಕರನ್ನು ದಾಖಲೆಗಳ ಆಧಾರದಿಂದ ಗುರುತಿಸುವ ಕಾರ್ಯ. ಇದರ ಪ್ರಧಾನ ಆಕರ ಚರ್ಚುಗಳು ಬರೆದಿಟ್ಟ ಜನನ, ವಿವಾಹ ಮತ್ತು ಮರಣಗಳ ಪುಸ್ತಕಗಳು; ಜೆಕ್ ಭಾಷೆಯಲ್ಲಿ ಇವನ್ನು 'ಮಾತ್ರಿಕಿ' ಎನ್ನುತ್ತಾರೆ. ಆದರೆ ಆ ಪುಸ್ತಕಗಳಲ್ಲಿ ಒಂದು ಕುಟುಂಬದ ಸದಸ್ಯರು ಹಲವು ಸಂಪುಟಗಳಲ್ಲಿ ಚದುರಿಹೋಗಿರುತ್ತಾರೆ. ಅವರೆಲ್ಲರನ್ನೂ ಒಂದೇ ದಿನ, ಒಂದೇ ಸೂರಿನಡಿ ಒಟ್ಟಾಗಿ ತೋರಿಸುವುದು ಜನಗಣತಿಯ ಹಾಳೆ. ಆದ್ದರಿಂದ ಜನಗಣತಿ ದಾಖಲೆಗಳು ಚರ್ಚ್ ಪುಸ್ತಕಗಳಿಗೆ ಪೂರಕವಾಗಿಯೂ, ಕೆಲವೊಮ್ಮೆ ಅವುಗಳ ದಾರಿಸೂಚಕವಾಗಿಯೂ ಬಳಕೆಯಾಗುತ್ತವೆ.

ಆರಂಭಿಕ ಪಟ್ಟಿಗಳು

ಮೂವತ್ತು ವರ್ಷಗಳ ಯುದ್ಧ 1648ರಲ್ಲಿ ಮುಗಿದ ಮೇಲೆ ಬೊಹೀಮಿಯದಲ್ಲಿ ಕ್ಯಾಥೊಲಿಕ್ ಮತವನ್ನು ನೆಲೆಗೊಳಿಸುವ ಉದ್ದೇಶದಿಂದ 1651ರಲ್ಲಿ ಪ್ರಜೆಗಳನ್ನು ಮತಾನುಸಾರವಾಗಿ ಪಟ್ಟಿ ಮಾಡಲಾಯಿತು. ಪ್ರತಿ ಜಮೀನ್ದಾರಿಯೂ ತನ್ನ ಊರುಗಳ ನಿವಾಸಿಗಳ ಹೆಸರು, ಸ್ಥಾನಮಾನ, ಕಸುಬು, ವಯಸ್ಸು ಮತ್ತು ಮತವನ್ನು ಬರೆಯಬೇಕಿತ್ತು. ಕ್ಯಾಥೊಲಿಕರಲ್ಲದವರ ವಿಷಯದಲ್ಲಿ 'ಮತಾಂತರದ ಭರವಸೆ ಉಂಟೇ' ಎಂಬುದಕ್ಕೂ ಒಂದು ಅಂಕಣವಿತ್ತು. ಆಡಳಿತದ ಅನುಮಾನದಿಂದ ಹುಟ್ಟಿದ ಈ ಪಟ್ಟಿ ಇಂದು ಆ ಕಾಲದ ಸಾಮಾನ್ಯ ಹೆಂಗಸರು ಮತ್ತು ಆಳುಕಾಳುಗಳ ಹೆಸರನ್ನು ಉಳಿಸಿಕೊಟ್ಟಿರುವ ಅಪರೂಪದ ಆಕರವಾಗಿದೆ. ಇದರಲ್ಲಿನ ವಯಸ್ಸುಗಳು ಅಂದಾಜಿನವು; ಚಿಕ್ಕ ಮಕ್ಕಳನ್ನು ಅನೇಕ ಕಡೆ ಬಿಟ್ಟುಬಿಡಲಾಗಿದೆ. 1654ರ 'ಬೆರ್ನಿ ರುಲಾ' ಎಂಬ ಕಂದಾಯ ಪಟ್ಟಿಯಲ್ಲಿ ಭೂಮಿಯುಳ್ಳ ಮನೆಯ ಯಜಮಾನರು ಮಾತ್ರ ಕಾಣಿಸುತ್ತಾರೆ. ಮೊರಾವಿಯಕ್ಕೆ ಇವೆರಡೂ ಅನ್ವಯಿಸುವುದಿಲ್ಲ. ಅಲ್ಲಿ ಇದೇ ಕಾಲದ 'ಲಾನ್' ಕಂದಾಯ ಪುಸ್ತಕಗಳನ್ನು ನೋಡಬೇಕು.

ಸಾಮ್ರಾಜ್ಞಿ ಮರಿಯಾ ತೆರೇಸಾಳ ಆಳ್ವಿಕೆಯಲ್ಲಿ 1754ರಲ್ಲಿ ಮೊದಲ ಸಾಮಾನ್ಯ ಜನಗಣತಿ ನಡೆಯಿತು. ಶೋಧಕರ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದದ್ದು 1770ರಲ್ಲಿ ಆರಂಭವಾದ ಮನೆಗಳ ಸಂಖ್ಯಾಕರಣ. ಸೇನೆಗೆ ಆಳುಗಳನ್ನು ಗುರುತಿಸಲು ಪ್ರತಿ ಹಳ್ಳಿಯ ಪ್ರತಿ ಮನೆಗೂ ಒಂದು ಸಂಖ್ಯೆ ಕೊಡಲಾಯಿತು. ಈ ಸಂಖ್ಯೆಗಳು ಆ ಬಳಿಕ ಜನನ, ವಿವಾಹ, ಮರಣ, ಭೂಮಿ ಮತ್ತು ಗಣತಿಯ ದಾಖಲೆಗಳಲ್ಲೆಲ್ಲ ಕಾಣಿಸಿಕೊಳ್ಳುತ್ತವೆ. ಒಂದೇ ಹಳ್ಳಿಯಲ್ಲಿ ಮೂವರು ಯಾನ್ ನೋವಾಕರಿದ್ದರೆ ಅವರನ್ನು ಬೇರ್ಪಡಿಸುವುದು ಬಹುತೇಕ ಮನೆಯ ಸಂಖ್ಯೆಯೇ. ಆದರೆ ಕೆಲವು ಊರುಗಳಲ್ಲಿ ಮನೆಗಳನ್ನು ಮುಂದೆ ಮರುಸಂಖ್ಯೆಗೊಳಿಸಿರುವುದರಿಂದ ಹಳೆಯ ಸಂಖ್ಯೆಯನ್ನು ಇಂದಿನ ಮನೆಗೆ ನೇರವಾಗಿ ಹೊಂದಿಸಬಾರದು.

ಆಧುನಿಕ ಜನಗಣತಿಗಳು

ಹೆಸರುಗಳೊಡನೆ ವ್ಯವಸ್ಥಿತವಾಗಿ ನಡೆದ ಆಧುನಿಕ ಗಣತಿಗಳಲ್ಲಿ ಮೊದಲನೆಯದು 1857ರ ಅಕ್ಟೋಬರ್ 31ರದು. ಬಳಿಕ 1869, 1880, 1890, 1900 ಮತ್ತು 1910ರ ಡಿಸೆಂಬರ್ 31ರ ಸ್ಥಿತಿಯನ್ನು ಆಧರಿಸಿ ಗಣತಿಗಳು ನಡೆದವು. 1918ರಲ್ಲಿ ಚೆಕೊಸ್ಲೊವಾಕಿಯ ಸ್ಥಾಪನೆಯಾದ ಮೇಲೆ 1921ರ ಫೆಬ್ರವರಿ ಮತ್ತು 1930ರ ಡಿಸೆಂಬರ್‌ನಲ್ಲಿ ಹೊಸ ಗಣರಾಜ್ಯದ ಎರಡು ಗಣತಿಗಳು ನಡೆದವು. ಹಾಳೆಗಳ ಉಳಿವು ಊರಿನಿಂದ ಊರಿಗೆ ಬಹಳ ಬದಲಾಗುತ್ತದೆ. ದಕ್ಷಿಣ ಬೊಹೀಮಿಯದ ಹಾಳೆಗಳು ಹೇರಳವಾಗಿ ಉಳಿದಿದ್ದು, ತ್ರೆಬೊನ್ ಪಟ್ಟಣದ ಪ್ರಾದೇಶಿಕ ಪತ್ರಾಗಾರವು ಅವುಗಳ ಚಿತ್ರಗಳನ್ನು ಅಂತರಜಾಲದಲ್ಲಿ ಒದಗಿಸಿದೆ. ಬೇರೆ ಕೆಲವೆಡೆ ಒಂದೆರಡು ವರ್ಷಗಳ ಹಾಳೆ ಮಾತ್ರ ಸಿಗಬಹುದು, ಏನೂ ಸಿಗದಿರಲೂಬಹುದು.

ಹಾಳೆಯಲ್ಲಿ ಏನಿರುತ್ತದೆ

ಹಾಳೆಯು ಮನೆಯ ಸಂಖ್ಯೆಯಿಂದ ಆರಂಭವಾಗಿ, ಒಳಗಿನ ಪ್ರತಿ ಸಂಸಾರವನ್ನು ಪ್ರತ್ಯೇಕವಾಗಿ ನಮೂದಿಸುತ್ತದೆ. ಹೆಸರು, ಜನನದ ವರ್ಷ, ಮತ, ವೈವಾಹಿಕ ಸ್ಥಿತಿ, ಕಸುಬು, ಹುಟ್ಟಿದ ಊರು ಇವು ಸಾಮಾನ್ಯ ಅಂಕಣಗಳು. 1869ರ ಹಾಳೆಗಳಲ್ಲಿ ಮನೆಯ ದನಕರುಗಳ ಎಣಿಕೆಯೂ ಇದೆ.

ಕಸುಬಿನ ಅಂಕಣದ ಪದಗಳನ್ನು ಅರಿತು ಓದಿದರೆ ಕುಟುಂಬದ ಸ್ಥಿತಿಗತಿ ತಿಳಿಯುತ್ತದೆ. 'ಸೆಡ್ಲಾಕ್' ಎಂದರೆ ಸಾಕಷ್ಟು ಜಮೀನುಳ್ಳ ರೈತ, 'ಖಲುಪ್‌ನಿಕ್' ಸಣ್ಣ ಹಿಡುವಳಿಯವನು, 'ಪೊದ್ರುಹ್' ಇನ್ನೊಬ್ಬರ ಮನೆಯಲ್ಲಿ ವಾಸವಿರುವ ಭೂಹೀನ. 'ವೀಮಿಂಕಾರ್' ಎಂಬ ಪದ ವಂಶಾವಳಿಗೆ ವಿಶೇಷವಾಗಿ ಉಪಯುಕ್ತ: ಜಮೀನನ್ನು ಮಗನಿಗೋ ಅಳಿಯನಿಗೋ ಬಿಟ್ಟುಕೊಟ್ಟು, ಕರಾರಿನ ಪ್ರಕಾರ ಒಂದು ಕೋಣೆ ಮತ್ತು ವರ್ಷಕ್ಕೆ ಇಷ್ಟು ಧಾನ್ಯವನ್ನು ಉಳಿಸಿಕೊಂಡ ಹಿರಿಯನೇ ವೀಮಿಂಕಾರ್. ಅಂಥ ಒಂದು ನಮೂದು ಸಿಕ್ಕಿದರೆ ಸಾಮಾನ್ಯವಾಗಿ ಹಿಂದಿನ ತಲೆಮಾರು ಅದೇ ಹಾಳೆಯಲ್ಲಿ ದೊರೆಯಿತೆಂದೇ ಅರ್ಥ. ಆ ಕರಾರಿನ ಪತ್ರವನ್ನು ಭೂದಾಖಲೆಗಳಲ್ಲಿ ಹುಡುಕಬಹುದು.

'ಡೊಮೊವ್‌ಸ್ಕೆ ಪ್ರಾವೊ', ಅಂದರೆ ಸ್ವಗ್ರಾಮದ ಹಕ್ಕು, ಎಂಬ ಅಂಕಣವನ್ನು ಹೊಸಬರು ಹೆಚ್ಚಾಗಿ ಕಡೆಗಣಿಸುತ್ತಾರೆ. ಬಡತನದಲ್ಲಿ ನೆರವು ಕೊಡಬೇಕಾದ ಊರು ಯಾವುದು ಎಂಬುದನ್ನು ಈ ಹಕ್ಕು ನಿರ್ಧರಿಸುತ್ತಿತ್ತು. ಅದು ತಂದೆಯಿಂದ ಮಕ್ಕಳಿಗೆ ಬರುತ್ತಿತ್ತು. ವಿವಾಹಿತೆ ಗಂಡನ ಊರಿನ ಹಕ್ಕನ್ನು ಪಡೆಯುತ್ತಿದ್ದಳು. ಹೀಗಾಗಿ ಪ್ರಾಗ್‌ನಲ್ಲಿ ಹುಟ್ಟಿ ಅಲ್ಲಿಯೇ ಬೆಳೆದ ಕಾರ್ಮಿಕನೊಬ್ಬ ತಾನು ಎಂದೂ ಕಾಣದ ಹಳ್ಳಿಗೆ ಸೇರಿದವನೆಂದು ದಾಖಲಾಗಿರಬಹುದು. ಶೋಧಕನಿಗೆ ಬೇಕಾದದ್ದು ಆ ಹಳ್ಳಿಯ ಹೆಸರೇ, ಏಕೆಂದರೆ ತಂದೆ ಅಥವಾ ಅಜ್ಜನ ಜನನ ಪುಸ್ತಕ ಅಲ್ಲಿ ಇರುವ ಸಾಧ್ಯತೆ ಹೆಚ್ಚು.

ಭಾಷೆ ಮತ್ತು ರಾಷ್ಟ್ರೀಯತೆಯ ಅಂಕಣ

1880ರಿಂದ ಆಸ್ಟ್ರಿಯದ ಗಣತಿಗಳು 'ಬಳಕೆಯ ಭಾಷೆ'ಯನ್ನು ಕೇಳತೊಡಗಿದವು. ಪ್ರಶ್ನೆ ಮಾತೃಭಾಷೆಯದಲ್ಲ, ದಿನನಿತ್ಯ ಬಳಸುವ ಭಾಷೆಯದು, ಒಂದೇ ಭಾಷೆಯನ್ನು ಹೇಳಬೇಕಿತ್ತು, ಯಿಡ್ಡಿಷ್‌ಗೆ ಮಾನ್ಯತೆಯಿರಲಿಲ್ಲ. ಜರ್ಮನ್ ಮಾತಿನ ಮನೆಯಲ್ಲಿ ಕೆಲಸಕ್ಕಿದ್ದ ಜೆಕ್ ಹುಡುಗಿಯನ್ನು ಜರ್ಮನ್ ಭಾಷಿಕಳೆಂದು ಬರೆಯಲು ಈ ನಿಯಮ ಅವಕಾಶ ಕೊಟ್ಟಿತು. ಆದ್ದರಿಂದ ಈ ಅಂಕಣವೊಂದರಿಂದಲೇ ಪೂರ್ವಿಕನೊಬ್ಬನನ್ನು ಜೆಕ್ ಅಥವಾ ಜರ್ಮನ್ ಎಂದು ತೀರ್ಮಾನಿಸುವುದು ಸರಿಯಲ್ಲ. ಒಂದೇ ಕುಟುಂಬ ಒಂದು ಗಣತಿಯಲ್ಲಿ ಜೆಕ್, ಹತ್ತು ವರ್ಷಗಳ ಬಳಿಕ ಜರ್ಮನ್ ಎಂದು ದಾಖಲಾಗಿರುವುದುಂಟು.

1921 ಮತ್ತು 1930ರ ಗಣತಿಗಳು ನೇರವಾಗಿ ರಾಷ್ಟ್ರೀಯತೆಯನ್ನೇ ಕೇಳಿದವು. ಅದನ್ನು ಸಾಮಾನ್ಯವಾಗಿ ಮಾತೃಭಾಷೆಯಿಂದ ನಿರ್ಧರಿಸಲಾಗುತ್ತಿತ್ತು. ಯಹೂದಿಗಳು ಮಾತ್ರ ಭಾಷೆ ಯಾವುದೇ ಇದ್ದರೂ ಯಹೂದಿ ರಾಷ್ಟ್ರೀಯತೆಯನ್ನು ಘೋಷಿಸಬಹುದಿತ್ತು. ಹದಿನೈದು ವರ್ಷಗಳಲ್ಲಿ ಈ ಉತ್ತರದ ತೂಕವೇ ಬದಲಾಯಿತು. 1945ರ ಮೇ 19ರ ಅಧ್ಯಕ್ಷೀಯ ಸುಗ್ರೀವಾಜ್ಞೆಯು, 1929ರ ನಂತರದ ಯಾವುದೇ ಗಣತಿಯಲ್ಲಿ ಜರ್ಮನ್ ಅಥವಾ ಹಂಗೇರಿಯನ್ ರಾಷ್ಟ್ರೀಯತೆಯನ್ನು ಘೋಷಿಸಿದ್ದವರನ್ನು ಆಯಾ ರಾಷ್ಟ್ರೀಯರೆಂದು ಪರಿಗಣಿಸಿತು. ಅದೇ ವರ್ಷದ ಆಗಸ್ಟ್ 2ರ ಇನ್ನೊಂದು ಸುಗ್ರೀವಾಜ್ಞೆಯ ಮೂಲಕ ಅಂಥವರಲ್ಲಿ ಬಹುತೇಕರು ಪೌರತ್ವ ಕಳೆದುಕೊಂಡರು. ಸುಮಾರು 30 ಲಕ್ಷ ಜರ್ಮನರು ದೇಶ ಬಿಡಬೇಕಾಯಿತು. ನಾಜಿ ಶಿಬಿರಗಳಿಂದ ಬದುಕಿ ಮರಳಿದ ಕೆಲವು ಯಹೂದಿಗಳೂ 1930ರಲ್ಲಿ ಜರ್ಮನ್ ಎಂದು ಬರೆಸಿದ್ದ ಕಾರಣಕ್ಕೆ ತೊಂದರೆಗೊಳಗಾದರು. ಗಣತಿದಾರನ ಮುಂದೆ ಹೇಳಿದ ಒಂದು ಪದ ಮನೆ, ಹೊಲ ಮತ್ತು ಪೌರತ್ವಗಳನ್ನು ನಿರ್ಧರಿಸಿದ ಈ ಪ್ರಕರಣವನ್ನು ಮರೆತು 1930ರ ಹಾಳೆಗಳನ್ನು ಓದಲಾಗದು.

ಯಹೂದಿ ಕುಟುಂಬಗಳು

1726ರ ಕಾನೂನು ಯಹೂದಿ ಕುಟುಂಬಗಳ ಸಂಖ್ಯೆಯನ್ನು ಬೊಹೀಮಿಯದಲ್ಲಿ 8,541ಕ್ಕೂ ಮೊರಾವಿಯದಲ್ಲಿ 5,106ಕ್ಕೂ ಸೀಮಿತಗೊಳಿಸಿತು. ಸಾಮಾನ್ಯವಾಗಿ ಹಿರಿಯ ಮಗನಿಗೆ ಮಾತ್ರ ಕಾನೂನುಬದ್ಧ ವಿವಾಹದ ಅನುಮತಿ ದೊರೆಯುತ್ತಿತ್ತು. ಕಿರಿಯರು ವಲಸೆ ಹೋಗಬೇಕಿತ್ತು, ಇಲ್ಲವೇ ಸರ್ಕಾರ ಒಪ್ಪದ ಧಾರ್ಮಿಕ ವಿವಾಹದಲ್ಲಿ ಬಾಳಬೇಕಿತ್ತು. ಅಂಥ ವಿವಾಹದ ಮಕ್ಕಳು ದಾಖಲೆಗಳಲ್ಲಿ ತಾಯಿಯ ಕುಲನಾಮದಿಂದ ಕಾಣಿಸುವುದಕ್ಕೆ ಇದೇ ಕಾರಣ. 1787ರಲ್ಲಿ ಸ್ಥಿರ ಕುಲನಾಮ ಕಡ್ಡಾಯವಾದುದರಿಂದ, 1793ರ ಯಹೂದಿ ಕುಟುಂಬಗಳ ಪಟ್ಟಿಯು ಹೊಸ ಹೆಸರುಗಳು ನೆಲೆಗೊಳ್ಳುತ್ತಿದ್ದ ಕಾಲದ ಅಮೂಲ್ಯ ಸಾಕ್ಷ್ಯ. ಬೊಹೀಮಿಯ ಮತ್ತು ಮೊರಾವಿಯಗಳ ಸುಮಾರು 80,000 ಯಹೂದಿಗಳು ನಾಜಿಗಳ ನರಮೇಧದಲ್ಲಿ ಸತ್ತರು. ಅವರಲ್ಲಿ ಅನೇಕ ಕುಟುಂಬಗಳು ಇಡಿಯಾಗಿ ಒಂದೆಡೆ ಕಾಣುವುದು 1921 ಅಥವಾ 1930ರ ಹಾಳೆಯಲ್ಲಿಯೇ.

ಹೆಸರು ಮತ್ತು ಬರಹ

ಹತ್ತೊಂಬತ್ತನೆಯ ಶತಮಾನದ ದಾಖಲೆಗಳು ಜೆಕ್, ಜರ್ಮನ್, ಲ್ಯಾಟಿನ್ ಮೂರರಲ್ಲೂ ಇವೆ. 'ಕುರೆಂಟ್' ಎಂಬ ಹಳೆಯ ಜರ್ಮನ್ ಕೈಬರಹವನ್ನು ಜೆಕ್ ಬರೆಯಲೂ ಬಳಸುತ್ತಿದ್ದರು. ಅದನ್ನು ಓದಲು ಕಲಿಯದೆ ಈ ಕೆಲಸ ಮುಂದುವರಿಯದು. ಹಳೆಯ ಜೆಕ್ ಕಾಗುಣಿತದಲ್ಲಿ 'ವಿ' ಅಕ್ಷರದ ಬದಲು 'ಡಬ್ಲ್ಯೂ', 'ಜೆ' ಬದಲು 'ಜಿ' ಬಳಕೆಯಲ್ಲಿತ್ತು. ಒಬ್ಬನೇ ವ್ಯಕ್ತಿ ಜೆಕ್‌ನಲ್ಲಿ ವಾಟ್ಸ್‌ಲಾವ್, ಜರ್ಮನ್‌ನಲ್ಲಿ ವೆಂಟ್ಸೆಲ್, ಅಮೆರಿಕದಲ್ಲಿ ಜೇಮ್ಸ್ ಆಗಿರಬಹುದು. ಹೆಂಗಸರ ಕುಲನಾಮಕ್ಕೆ 'ಓವಾ' ಪ್ರತ್ಯಯ ಸೇರುವುದರಿಂದ ನೋವಾಕನ ಹೆಂಡತಿ ನೋವಾಕೊವಾ ಆಗುತ್ತಾಳೆ. ಹಿಂದಿನ ಶತಮಾನಗಳಲ್ಲಿ ಮನೆಯ ಹೆಸರು ಅಲ್ಲಿ ಬಂದು ನೆಲೆಸಿದ ಅಳಿಯನಿಗೂ ಅಂಟಿಕೊಳ್ಳುವ ರೂಢಿಯಿತ್ತು. ರಕ್ತಸಂಬಂಧವಿಲ್ಲದ ಕುಲನಾಮ ಇದ್ದಕ್ಕಿದ್ದಂತೆ ಕಾಣಿಸಿದಾಗ ಇದನ್ನು ನೆನೆಯಬೇಕು.

ವಲಸಿಗರ ವಂಶಜರು

ಷಿಕಾಗೊ, ಕ್ಲೀವ್‌ಲೆಂಡ್, ಅಯೋವ, ನೆಬ್ರಾಸ್ಕ ಮತ್ತು ಟೆಕ್ಸಾಸ್‌ಗಳಲ್ಲಿ ನೆಲೆಸಿದ ಜೆಕ್ ವಲಸಿಗರ ವಂಶಜರು ಸಾಮಾನ್ಯವಾಗಿ ಅಮೆರಿಕದ ಗಣತಿಯಿಂದ ಶೋಧ ಆರಂಭಿಸುತ್ತಾರೆ. 1900ರ ಹಾಳೆ ವಲಸೆ ಬಂದ ವರ್ಷವನ್ನು ತಿಳಿಸುತ್ತದೆ. ಆದರೆ ಹುಟ್ಟಿದ ಸ್ಥಳ 'ಬೊಹೀಮಿಯ' ಅಥವಾ 'ಆಸ್ಟ್ರಿಯ' ಎಂದಷ್ಟೇ ಇರುತ್ತದೆ. ಊರಿನ ಹೆಸರಿಗೆ ಹ್ಯಾಂಬರ್ಗ್ ಬಂದರಿನ ಪ್ರಯಾಣಿಕರ ಪಟ್ಟಿ, ಚರ್ಚಿನ ದಾಖಲೆ ಅಥವಾ ಸಮಾಧಿಯ ಬರಹವನ್ನು ನೋಡಬೇಕು. ಬ್ರೆಮೆನ್ ಬಂದರಿನ ಪಟ್ಟಿಗಳು ಬಹುಪಾಲು ನಾಶವಾಗಿವೆ. ಊರಿನ ಹೆಸರು ಸಿಕ್ಕಿದರೂ ಎಚ್ಚರ ಬೇಕು: ಲ್ಹೊತಾ ಎಂಬ ಹೆಸರಿನ ಊರುಗಳು ಜೆಕ್ ನಾಡಿನಲ್ಲಿ ನೂರಾರಿವೆ.

ದಾಖಲೆಗಳ ಲಭ್ಯತೆ

ಚರ್ಚ್ ಪುಸ್ತಕಗಳು ಪ್ರಾಗ್ ನಗರ, ತ್ರೆಬೊನ್, ಪ್ಲ್ಜೆನ್, ಲಿತೊಮೆರ್ಝಿತ್ಸೆ, ಜಾಮ್ರ್ಸ್ಕ್, ಬ್ರ್ನೊ, ಓಪವ ಮೊದಲಾದ ಪತ್ರಾಗಾರಗಳಲ್ಲಿದ್ದು, ಬಹುಪಾಲನ್ನು ಅಂತರಜಾಲದಲ್ಲಿ ಉಚಿತವಾಗಿ ನೋಡಬಹುದು. ಗಣತಿಯ ಹಾಳೆಗಳು ಹೆಚ್ಚಾಗಿ ಜಿಲ್ಲಾ ಪತ್ರಾಗಾರಗಳಲ್ಲಿವೆ. ಪ್ರಾಗ್‌ಗೆ ವಲಸೆ ಬಂದವರಿಗೆ ರಾಷ್ಟ್ರೀಯ ಪತ್ರಾಗಾರದ 1850-1914ರ ಪೊಲೀಸ್ ನಿವಾಸ ನೋಂದಣಿಗಳು ಗಣತಿಯ ಕೊರತೆಯನ್ನು ತುಂಬಿಕೊಡುತ್ತವೆ. ಜನನ ಪುಸ್ತಕಗಳು ಕೊನೆಯ ನಮೂದಿನಿಂದ 100 ವರ್ಷ, ವಿವಾಹ ಪುಸ್ತಕಗಳು 75 ವರ್ಷ ಕಳೆಯುವವರೆಗೆ ಸ್ಥಳೀಯ ನೋಂದಣಿ ಕಚೇರಿಯಲ್ಲಿಯೇ ಉಳಿಯುತ್ತವೆ.